ಹಿಸ್ಸೆಯ ಚೀಟಿ, ನ್ಯಾಯಾಧೀಶರ ಚೀಟಿ

2021ರ ನವೆಂಬರ್ 28ರ ಭಾನುವಾರ ಸ್ವಿಟ್ಜರ್ಲೆಂಡಿನ ಮತದಾರರು, ನ್ಯಾಯಾಧೀಶರನ್ನು ಚೀಟಿ ಎತ್ತಿ ನೇಮಿಸಬೇಕೆಂಬ ನ್ಯಾಯಾಂಗ ಸುಧಾರಣೆಯ ಪ್ರಸ್ತಾವವನ್ನು ಶೇ. 68ರಷ್ಟು ಮತಗಳಿಂದ ತಿರಸ್ಕರಿಸಿದರು. ಒಂದು ಕ್ಯಾಂಟನ್ (ಇಲ್ಲಿನ ರಾಜ್ಯ) ಕೂಡ ಅದರ ಪರ ನಿಲ್ಲಲಿಲ್ಲ. ಅದೇ ದಿನ ಕೋವಿಡ್ ಕಾಯ್ದೆಯೂ ಮತಕ್ಕೆ ಬಂದಿದ್ದರಿಂದ, ಇಲ್ಲಿನ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲೂ ಕೋವಿಡ್ ಪ್ರಮಾಣಪತ್ರದ ಚರ್ಚೆಯೇ ನಡೆದಿತ್ತು.

ಲೊಸಾನ್‌ನ ಫೆಡರಲ್ ಸುಪ್ರೀಂ ಕೋರ್ಟಿಗೆ ನ್ಯಾಯಾಧೀಶರನ್ನು ಆರಿಸುವುದು ಸಂಸತ್ತು, ಅದೂ ಪಕ್ಷಗಳ ಬಲಾಬಲಕ್ಕೆ ತಕ್ಕಂತೆ. ಆಯ್ಕೆಯಾದವರು ತಮ್ಮ ಪಕ್ಷಕ್ಕೆ ಪ್ರತಿವರ್ಷ ಹಣ ಸಲ್ಲಿಸುವ ರೂಢಿಯಿದೆ. ಆರು ವರ್ಷಕ್ಕೊಮ್ಮೆ ಮರುಆಯ್ಕೆಗೂ ನಿಲ್ಲಬೇಕು. ಮೊದಲ ಬಾರಿ ಮತ ಹಾಕಿದ ನನ್ನ ಮಗಳು ಸರ್ಕಾರದ ಕೆಂಪು ಕಿರುಹೊತ್ತಿಗೆಯನ್ನು ಓದಿ, "ಅಪ್ಪಾ, ಊರಲ್ಲಾದರೆ ಇದನ್ನು ಲಂಚ ಅನ್ನುತ್ತಿದ್ದಿರಲ್ಲವಾ?" ಎಂದಳು. ಉತ್ತರಿಸಲು ತಡಬಡಾಯಿಸಿದೆ. 2020ರಲ್ಲಿ ಬಲಪಂಥೀಯ ಎಸ್‌ವಿಪಿ (ಸ್ವಿಸ್ ಪೀಪಲ್ಸ್ ಪಾರ್ಟಿ) ಪಕ್ಷವು ತನ್ನದೇ ನ್ಯಾಯಾಧೀಶರಾದ ಈವ್ ದೊಂಝಲಾಝ್ ಅವರ ತೀರ್ಪುಗಳು ಒಪ್ಪಿಗೆಯಾಗದೆ ಅವರ ಮರುಆಯ್ಕೆಯನ್ನು ವಿರೋಧಿಸಿತ್ತು. ಉಳಿದ ಪಕ್ಷಗಳು ಅವರನ್ನು ಉಳಿಸಿಕೊಂಡವು.

ಉದ್ಯಮಿ ಆಡ್ರಿಯಾನ್ ಗಾಸ್ಸರ್ ಮುಂದಿಟ್ಟ ಪರಿಹಾರ ಹೀಗಿತ್ತು: ತಜ್ಞರ ಆಯೋಗವೊಂದು ಅರ್ಹರನ್ನು ಗುರುತಿಸಬೇಕು, ಅವರೊಳಗಿನಿಂದ ಚೀಟಿ ಎತ್ತಿ ನ್ಯಾಯಾಧೀಶರನ್ನು ನೇಮಿಸಬೇಕು. ಚೀಟಿ ಎಂದೊಡನೆ ಇಲ್ಲಿನ ಬಹಳ ಜನ ನಕ್ಕರು. ನನಗೆ ನಗು ಬರಲಿಲ್ಲ.

ಅಜ್ಜನ ಕಾಲವಾದ ಮೇಲೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಹಿಸ್ಸೆಯಾದಾಗ, ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಮೂವರೂ ಒಪ್ಪಿದ ಪಂಚರು ಅಡಿಕೆ ತೋಟವನ್ನು ಸಾಲು ಸಾಲಾಗಿ ಸುತ್ತಿ, ಫಸಲು ಕೊಡುವ ಮರಗಳನ್ನೂ ಕೊಳೆರೋಗ ಬಡಿದವನ್ನೂ ಬೇರೆಬೇರೆ ಬರೆದುಕೊಂಡು, ಬಾವಿ ಬಂದ ಪಾಲಿಗೆ ಗದ್ದೆಯನ್ನು ಕಡಿಮೆ ಮಾಡಿ, ಯಾರಿಗೆ ಯಾವುದು ಬಂದರೂ ನಷ್ಟವಾಗದಂತೆ ಪಾಲುಪಟ್ಟಿಯನ್ನು ಸಿದ್ಧಪಡಿಸಿದ್ದರು. ಆಮೇಲಷ್ಟೇ ದೇವರ ಮುಂದೆ ತಂಬಿಗೆಯಲ್ಲಿ ಚೀಟಿ ಹಾಕಿ, ಮನೆಯ ಕಿರಿಯ ಮಗುವೆಂದು ನನ್ನಿಂದ ಎತ್ತಿಸಿದರು. ದೊಡ್ಡಪ್ಪನಿಗೆ ಹಳೇ ಮನೆ ತಪ್ಪಿತು. ಅತ್ತರು, ಆದರೆ ಪಂಚರನ್ನಾಗಲಿ ತಮ್ಮಂದಿರನ್ನಾಗಲಿ ದೂರಲಿಲ್ಲ.

ಆ ಪಂಚರನ್ನು ಮೂವರೂ ಸೇರಿ ಕರೆದಿದ್ದರು. ಗಾಸ್ಸರ್ ಅವರ ಪ್ರಸ್ತಾವದಲ್ಲಾದರೋ ಆಯೋಗವನ್ನು ನೇಮಿಸುವ ಅಧಿಕಾರ ಸರ್ಕಾರದ್ದು. ನನಗಿದ್ದ ತಕರಾರು ಅದೊಂದೇ. ಆದರೂ ಪರವಾಗಿಯೇ ಮತ ಹಾಕಿದೆ, ಏಕೆಂದರೆ ಪಕ್ಷಕ್ಕೆ ಹಣ ಕಟ್ಟುವ ರೂಢಿಗೆ ಬೇರೆ ಮದ್ದನ್ನು ಸಂಸತ್ತು ಸೂಚಿಸಿರಲಿಲ್ಲ. ಅಷ್ಟಕ್ಕೂ ಇಲ್ಲಿ ನಮ್ಮನ್ನು ಕೇಳಿದ್ದರು. ಭಾರತದಲ್ಲಿ ನ್ಯಾಯಾಂಗ ನೇಮಕಾತಿ ಆಯೋಗವನ್ನು 2015ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠವು 4:1ರ ಬಹುಮತದಿಂದ ರದ್ದುಪಡಿಸಿದಾಗ, ಅದನ್ನು ತಂದವರೂ ತೆಗೆದವರೂ ಊರಿನ ನಮ್ಮವರ ಮನೆಗೆ ಮತಪತ್ರ ಕಳುಹಿಸಿರಲಿಲ್ಲ.

ಮುದ್ರಣಕ್ಕೆ ಹೊತ್ತಾಗಿರುವುದರಿಂದ ಸಂಘದ ಸೂಚನೆಗಳನ್ನು ಇಲ್ಲೇ ಸೇರಿಸುತ್ತಿದ್ದೇನೆ. ಸಂಕ್ರಾಂತಿ ಕೂಟಕ್ಕೆ ಎಳ್ಳುಬೆಲ್ಲ ಮಾಡಿ ತರುವವರು ಮೊದಲೇ ತಿಳಿಸಬೇಕು. ಮಕ್ಕಳ ಕನ್ನಡ ತರಗತಿ ರಜೆಯ ನಂತರ ಮತ್ತೆ ಆರಂಭವಾಗುತ್ತದೆ. ಕೂಟದಂದೇ ಕಾರ್ಯಕಾರಿ ಸಮಿತಿಯ ಚುನಾವಣೆಯೂ ನಡೆಯಲಿದೆ. ನಮ್ಮ ಖಜಾಂಚಿಗಳು ಶಿವಮೊಗ್ಗಕ್ಕೆ ಮರಳುತ್ತಿದ್ದು, ಆ ಸ್ಥಾನಕ್ಕೆ ಈವರೆಗೆ ಯಾರೂ ಹೆಸರು ಕೊಟ್ಟಿಲ್ಲ. ಕರಡು ತಿದ್ದಲು ಒಬ್ಬರಾದರೂ ಮುಂದೆ ಬಂದರೆ ಮುಂದಿನ ಸಂಚಿಕೆ ಸಕಾಲಕ್ಕೆ ಬರುತ್ತದೆ.