ಕುತ್ತಿಗೆಗೆ ಪೈಪ್ ಹಾಕುವ ಮೊದಲೇ ಡಯಾಲಿಸಿಸ್ ಬಗ್ಗೆ ತಿಳಿಹೇಳಿ

ಮಾನ್ಯ ಸಂಪಾದಕರೆ,

ಕಿಡ್ನಿ ಕಾಯಿಲೆಯವರಿಗೆ ಡಯಾಲಿಸಿಸ್ ವಿಷಯ ನಮ್ಮ ಕಡೆ ಗೊತ್ತಾಗುವುದು ತೀರಾ ತಡವಾಗಿ. ಏದುಸಿರು, ವಾಂತಿ, ಕಾಲುಬಾವು ಹೆಚ್ಚಾಗಿ ಆಸ್ಪತ್ರೆ ಸೇರಿದ ದಿನವೇ ಡಯಾಲಿಸಿಸ್ ಮಾಡಲು ಕುತ್ತಿಗೆಯ ರಕ್ತನಾಳಕ್ಕೆ ಪೈಪ್ ಹಾಕಬೇಕಾಗುತ್ತದೆ. ಆ ಹೊತ್ತಿನಲ್ಲಿ ಮನೆಯವರಿಂದ ಸಹಿ ಪಡೆಯಬಹುದು, ಯೋಚಿಸಿ ಆರಿಸಿಕೊಳ್ಳಿ ಎನ್ನಲು ಸಮಯವೆಲ್ಲಿ? ರಕ್ತಪರೀಕ್ಷೆಯ ವರದಿಯಲ್ಲಿ ಕ್ರಿಯಾಟಿನಿನ್ ಜೊತೆ ಇಜಿಎಫ್‌ಆರ್ ಎಂಬ, ಕಿಡ್ನಿ ಎಷ್ಟು ಚೆನ್ನಾಗಿ ರಕ್ತ ಸೋಸುತ್ತಿದೆ ಎಂದು ತಿಳಿಸುವ ಅಂಕಿ ಇರುತ್ತದೆ. ಅದು 30ಕ್ಕಿಂತ ಕೆಳಗೆ ಬಂದು ಇನ್ನೂ ಇಳಿಯುತ್ತಿದ್ದರೆ, ರೋಗಿಯನ್ನೂ ಮನೆಯವರನ್ನೂ ಕೂರಿಸಿಕೊಂಡು ಮಾತಾಡುವ ಕಾಲ ಅದೇ.

ಮೊದಲ ಮಾತು ಕೈಯದು. ಬಲಗೈಯಲ್ಲಿ ಕೆಲಸ ಮಾಡುವವರ ಎಡಗೈ ರಕ್ತನಾಳಗಳನ್ನು ಜೋಪಾನ ಮಾಡಬೇಕು. ಆ ಕೈಯಿಂದ ರಕ್ತ ತೆಗೆಯುವುದು, ಆ ಕೈಗೆ ಗ್ಲೂಕೋಸ್ ಏರಿಸುವುದು ಬೇಡ. ಮುಂದೆ ಡಯಾಲಿಸಿಸ್ ಸೂಜಿ ಚುಚ್ಚಲು ಫಿಸ್ಟುಲಾ ಎಂಬ ರಕ್ತನಾಳದ ಜೋಡಣೆ ಮಾಡುವುದು ಅಲ್ಲಿಯೇ. ಅಪಧಮನಿಗೆ ಅಭಿಧಮನಿಯನ್ನು ಜೋಡಿಸಿದ ಮೇಲೆ ಆ ನಾಳ ಉಬ್ಬಿ, ಗಟ್ಟಿಯಾಗಿ, ದಪ್ಪ ಸೂಜಿಗೆ ತಯಾರಾಗಲು 6ರಿಂದ 12 ವಾರ ಹಿಡಿಯುತ್ತದೆ. ಅದಕ್ಕೇ ತಿಂಗಳುಗಟ್ಟಲೆ ಮುಂಚೆ ಹೇಳಬೇಕು ಎನ್ನುವುದು. ಫಿಸ್ಟುಲಾ ಆದವರು ದಿನವೂ ಬೆರಳಿಟ್ಟು ನೋಡಿಕೊಳ್ಳಬೇಕು. ಒಳಗೆ ಜುಂ ಎನ್ನುವ ಕಂಪನ ಸಿಗಬೇಕು. ಸಿಗದಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು. ಆ ಕೈಗೆ ಬಿಗಿಬಳೆ, ಅಡಿಕೆ ಮೂಟೆಯ ಭಾರ, ಬಿಪಿ ಪಟ್ಟಿ ಯಾವುದೂ ಸಲ್ಲದು. ಕುತ್ತಿಗೆಯ ಪೈಪ್‌ನಿಂದ ಸೋಂಕು ನೇರ ರಕ್ತಕ್ಕೇ ಇಳಿಯಬಹುದು. ಫಿಸ್ಟುಲಾದಲ್ಲಿ ಆ ಭಯ ಎಷ್ಟೋ ಕಡಿಮೆ.

ಯಂತ್ರದ ಡಯಾಲಿಸಿಸ್ ಎಂದರೆ ಸಾಮಾನ್ಯವಾಗಿ ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ. ಹೋಗಿಬರುವ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಷಾಢದ ಮಳೆಗೆ ಮರ ಬಿದ್ದು ಹೊಸನಗರ, ತೀರ್ಥಹಳ್ಳಿ ಕಡೆಯ ರಸ್ತೆ ಕಟ್ಟಿತೆಂದರೆ ಒಂದು ಸರದಿ ತಪ್ಪುತ್ತದೆ. ಆಗ ಮೈಯಲ್ಲಿ ನೀರೂ ಪೊಟ್ಯಾಸಿಯಂ ಕೂಡ ಏರುತ್ತವೆ. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತವೇ ತಪ್ಪಬಹುದು. ಅಂಥ ದಿನ ಎಳನೀರು, ಬಾಳೆಹಣ್ಣು ಮುಟ್ಟಬಾರದು. ಅಪ್ಪೆಮಿಡಿ ಉಪ್ಪಿನಕಾಯಿ ತಿಂದರೆ ಬಾಯಾರಿಕೆ ಹೆಚ್ಚಿ, ಕುಡಿಯುವ ನೀರಿನ ಲೆಕ್ಕ ತಪ್ಪುತ್ತದೆ. ನಮ್ಮ ಹಿತ್ತಲಿನ ಧಾರೆಹುಳಿಯಂತೂ ಯಾವ ದಿನವೂ ಬೇಡ. ಕಿಡ್ನಿ ಸೋತವರಲ್ಲಿ ಅದರ ವಿಷ ಹೊರಹೋಗದೆ ಮಿದುಳಿಗೆ ತಟ್ಟುತ್ತದೆ. ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗಬಹುದು.

ಹೊಟ್ಟೆಯ ಡಯಾಲಿಸಿಸ್ ಮನೆಯಲ್ಲೇ ಮಾಡಿಕೊಳ್ಳುವಂಥದ್ದು. ಕೈಯಲ್ಲೇ ಮಾಡುವ ಕ್ರಮಕ್ಕೆ ಕರೆಂಟೂ ಬೇಡ. ಹೊಟ್ಟೆಗೆ ಮೆತ್ತನೆಯ ನಳಿಕೆ ಕೂರಿಸಿರುತ್ತಾರೆ. ಚೀಲದಲ್ಲಿ ಬರುವ 2 ಲೀಟರ್ ದ್ರವ ಒಳಗೆ ಬಿಟ್ಟು, ಕೆಲವು ಗಂಟೆ ಇಟ್ಟು, ರಕ್ತದ ಕಲ್ಮಶ ಅದಕ್ಕೆ ಸೇರಿದ ಮೇಲೆ ಹೊರಗೆ ಬಿಡುವುದು. ಸಾಮಾನ್ಯವಾಗಿ ದಿನಕ್ಕೆ 4 ಸಲ, ಬದಲಿಸಲು ಪ್ರತಿ ಸಲ ಸುಮಾರು ಅರ್ಧ ಗಂಟೆ. ಮೂಲೆಹಳ್ಳಿಯವರಿಗೆ ಇದು ಎಷ್ಟೋ ಅನುಕೂಲ. ಆದರೆ ಅದರ ಕಷ್ಟವನ್ನೂ ಮುಚ್ಚಿಡದೆ ಹೇಳಬೇಕು. ತಿಂಗಳಿಗೆ 120 ಚೀಲ, ಅಂದರೆ 240 ಲೀಟರ್. ಮಳೆಗಾಲದಲ್ಲಿ ನೆಲವೇ ಬೆವರುವ ಮನೆಗಳಲ್ಲಿ ಅಷ್ಟನ್ನೂ ಹಲಗೆ ಮೇಲೆ, ಥಂಡಿ ತಾಗದಂತೆ ಇಡಲು ಜಾಗ ಬೇಕು. ಚಳಿಯೆಂದು ಚೀಲವನ್ನು ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಅದ್ದಿದರೆ ಮೂತಿಯ ಬಳಿ ನೀರು ಸೇರಿ ಸೋಂಕು ತರುತ್ತದೆ. ಒಣಶಾಖದಲ್ಲೇ ಬೆಚ್ಚಗಾಗಿಸಬೇಕು. ಚೀಲ ಬದಲಿಸುವಾಗ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಮಾಸ್ಕ್ ಹಾಕಿ, ಸೋಪಿನಲ್ಲಿ ಕೈ ತೊಳೆದು ಒಣಗಿಸಿಕೊಳ್ಳಬೇಕು. ಬೆಕ್ಕು ಆ ಕೋಣೆಗೆ ಬರಬಾರದು. ಹೊಳೆ, ಕೆರೆಯ ಸ್ನಾನ ಬಿಡಬೇಕು. ದ್ರವದಲ್ಲಿ ಸಕ್ಕರೆ ಅಂಶ ಇರುವುದರಿಂದ ಮಧುಮೇಹಿಗಳ ಔಷಧ ಹೊಂದಿಸಬೇಕಾಗುತ್ತದೆ.

ಹೊರಬಂದ ದ್ರವದ ಚೀಲವನ್ನು ನಿಮ್ಮ ಪತ್ರಿಕೆಯ ಮೇಲೇ ಇಟ್ಟು ನೋಡಬಹುದು. ಅಕ್ಷರ ಸ್ಪಷ್ಟವಾಗಿ ಓದಲು ಬಂದರೆ ದ್ರವ ತಿಳಿಯಾಗಿದೆ. ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿದ್ದರೆ, ಹೊಟ್ಟೆನೋವು ಇರಲಿ ಬಿಡಲಿ, ಒಳಗೆ ಸೋಂಕಾಗಿದೆ ಎಂದೇ ತಿಳಿದು ಆ ಚೀಲದ ಸಮೇತ ಆಸ್ಪತ್ರೆಗೆ ಬರಬೇಕು.

ಕಿಡ್ನಿ ಕಸಿಯ ಮಾತನ್ನೂ ಆಗಲೇ ಎತ್ತಬೇಕು. ದಾನಿ ಸಿಕ್ಕರೆ ಕೆಲವರಿಗೆ ಡಯಾಲಿಸಿಸ್ ಇಲ್ಲದೆಯೇ ಕಸಿ ಆಗಬಹುದು. ತೀರಾ ವಯಸ್ಸಾಗಿ ಬೇರೆ ಕಾಯಿಲೆಗಳೂ ಇರುವವರು ಡಯಾಲಿಸಿಸ್ ಬೇಡವೆಂದರೆ ಉಬ್ಬಸ, ತುರಿಕೆ, ನೋವು ತಗ್ಗಿಸುವ ಆರೈಕೆ ಸಿಗಬೇಕು.

ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಬಂತು, ಹೊಟ್ಟೆಯ ಡಯಾಲಿಸಿಸ್‌ಗೆ ಮಾರ್ಗಸೂಚಿ 2019ರಲ್ಲಿ ಬಂತು. ಇನ್ನು ಬೇಕಾದದ್ದು ಹೆಚ್ಚೇನಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳಿಗೊಂದು ಮಧ್ಯಾಹ್ನ, ಒಂದು ಖಾಲಿ ಚೀಲ, ಒಂದು ಫಿಸ್ಟುಲಾ ಸೂಜಿ, ಕನ್ನಡದಲ್ಲಿ ತಾಳ್ಮೆಯಿಂದ ವಿವರಿಸುವ ಒಬ್ಬರು. ಮನೆಯಲ್ಲಿ ಚೀಲ ಬದಲಿಸಬೇಕಾದವರು ಹೆಚ್ಚಾಗಿ ಹೆಂಡತಿ ಅಥವಾ ಸೊಸೆ. ಅವರನ್ನೂ ಅಂದು ಕರೆಸಿ, ಆ ಚೀಲವನ್ನು ಅವರ ಕೈಗೇ ಕೊಟ್ಟು ಅಭ್ಯಾಸ ಮಾಡಿಸಬೇಕೆಂದು ಜಿಲ್ಲಾ ಆರೋಗ್ಯ ಇಲಾಖೆಯನ್ನು ಕೇಳಿಕೊಳ್ಳುತ್ತೇವೆ.

– ಡಯಾಲಿಸಿಸ್ ಶುಶ್ರೂಷಕರು, ಶಿವಮೊಗ್ಗ