ಪರದೇಶದ ಊರನ್ನು ತುಂಡು ತುಂಡಾಗಿ ನೋಡಿ

ಮಾನ್ಯರೇ,

ಹೊಸ ವರ್ಷ ಬಂತೆಂದರೆ ಹೊರದೇಶದಲ್ಲಿ ನೆಲೆಸಿದ ನಮ್ಮವರಲ್ಲಿ ಅನೇಕರು ‘ಈ ವರ್ಷವಾದರೂ ಈ ಊರನ್ನು ಸರಿಯಾಗಿ ನೋಡಬೇಕು’ ಎಂದುಕೊಳ್ಳುತ್ತಾರೆ. ಫೆಬ್ರುವರಿ ಹೊತ್ತಿಗೆ ಆ ಮಾತು ಮರೆತೇ ಹೋಗಿರುತ್ತದೆ. ಅಪ್ಪ ಅಮ್ಮ ಬಂದಾಗ ನಾಲ್ಕು ಹೆಸರಾಂತ ಜಾಗ ತೋರಿಸಿದರೆ ಅಲ್ಲಿಗೆ ಮುಗಿಯಿತು. ಸೋಮಾರಿತನ ಎಂದು ಬೈಯುವುದು ಸುಲಭ. ಆದರೆ ‘ಊರು ನೋಡುವುದು’ ಎಂಬ ಕೆಲಸಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂದು ಗೊತ್ತುಮಾಡಿಕೊಳ್ಳದಿದ್ದರೆ ಶನಿವಾರ ಬೆಳಿಗ್ಗೆ ಮನೆಗೆಲಸವೇ ಗೆಲ್ಲುತ್ತದೆ. ಆದ್ದರಿಂದ ಊರನ್ನು ತುಂಡು ಮಾಡಿಕೊಳ್ಳಬೇಕು, ಒಂದೊಂದು ತುಂಡನ್ನು ಕಾಲಿನಿಂದ ಮುಗಿಸಬೇಕು.

ಮೊದಲು ಮೆಟ್ರೊ ನಕ್ಷೆಯನ್ನು ನಂಬುವುದು ಬಿಡಬೇಕು. ಲಂಡನ್ನಿನ ನೆಲದಡಿಯ ರೈಲಿಗೆ ನಕ್ಷೆಗಾರ ಹ್ಯಾರಿ ಬೆಕ್ 1931ರಲ್ಲಿ ಬರೆದ, 1933ರಲ್ಲಿ ಬಳಕೆಗೆ ಬಂದ ನಕ್ಷೆ ನಿಜವಾದ ದೂರವನ್ನು ಕೈಬಿಟ್ಟಿತು. ಯಾವ ನಿಲ್ದಾಣದ ನಂತರ ಯಾವುದು, ಗಾಡಿ ಬದಲಿಸುವುದೆಲ್ಲಿ ಎಂಬುದಷ್ಟೇ ಅದರಲ್ಲಿ ಮುಖ್ಯ. ಇವತ್ತು ಬಹುಪಾಲು ದೊಡ್ಡ ನಗರಗಳ ನಕ್ಷೆಗಳು ಅದೇ ಜಾಡಿನವು. ನಡುಊರಿನ ನಿಲ್ದಾಣಗಳು ದೂರ ದೂರ ಕಾಣುತ್ತವೆ, ಹೊರವಲಯದವು ಹತ್ತಿರ ಕಾಣುತ್ತವೆ. ಲೆಸ್ಟರ್ ಸ್ಕ್ವೇರ್‌ನಿಂದ ಕಾವೆಂಟ್ ಗಾರ್ಡನ್‌ಗೆ ಹಳಿಯ ಮೇಲೆ 300 ಮೀಟರೂ ಇಲ್ಲ. ಎಸ್ಕಲೇಟರ್ ಇಳಿದು, ಗಾಡಿಗೆ ಕಾದು, ಆ ಕಡೆ ಲಿಫ್ಟಿಗೆ ಸಾಲು ನಿಂತು ಮೇಲೆ ಬರುವಷ್ಟರಲ್ಲಿ ನಡೆದು ಹೋದವರು ಮುಟ್ಟಿರುತ್ತಾರೆ. ದಿನವೂ ಹೀಗೆ ನೆಲದಡಿಯಲ್ಲೇ ಓಡಾಡುವವರಿಗೆ ಊರೆಂದರೆ ಒಂದಷ್ಟು ಬಿಡಿ ಚುಕ್ಕೆಗಳು ಮಾತ್ರ. ವಾರಕ್ಕೊಮ್ಮೆ ಕಚೇರಿಯಿಂದ ಬರುವಾಗ ಒಂದು ನಿಲ್ದಾಣ ಮುಂಚೆ ಇಳಿದು ನಡೆಯಿರಿ, ಚುಕ್ಕೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಇಳಿಯುವ ಮೊದಲು ದೂರ ನೋಡಿಕೊಳ್ಳಿ. ಹೊರವಲಯದಲ್ಲಿ ಎರಡು ನಿಲ್ದಾಣಗಳ ನಡುವೆ ಎರಡು ಮೂರು ಕಿಲೋಮೀಟರ್ ಇರುವುದುಂಟು.

ಎರಡನೆಯ ಹೆಜ್ಜೆಗೆ ಸಾಮಾನ್ಯ ಸಿಟಿ ಬಸ್ ಸಾಕು. ಮನೆ ಮುಂದೆ ಹಾಯುವ ಒಂದು ಮಾರ್ಗ ಹಿಡಿದು, ಹಗಲಿನಲ್ಲಿ, ಕೊನೆಯ ನಿಲ್ದಾಣದವರೆಗೆ ಹೋಗಿ. ಪ್ರವಾಸಿಗರ ಬಸ್ಸು ಅರಮನೆ, ಸೇತುವೆಗಳನ್ನೇ ಸುತ್ತುತ್ತದೆ. ಸಿಟಿ ಬಸ್ಸು ಆಸ್ಪತ್ರೆ, ಶಾಲೆ, ಸಂತೆ, ಸ್ಮಶಾನ, ಕಾರ್ಖಾನೆಗಳ ಮುಂದೆ ಹಾಯುತ್ತದೆ. ಇಳಿದು ನೋಡಬೇಕೆನಿಸಿದ ಮೂರು ಜಾಗ ಗುರುತು ಹಾಕಿಕೊಂಡರೆ ಮುಂದಿನ ಮೂರು ವಾರದ ಕೆಲಸ ಸಿದ್ಧ. ಅದೂ ಬೇಡವೆಂದರೆ ಆಗಲೇ ತುಂಡು ಮಾಡಿಟ್ಟ ದಾರಿಗಳಿವೆ. ಲಂಡನ್ನನ್ನು ಸುತ್ತುವ ಕ್ಯಾಪಿಟಲ್ ರಿಂಗ್ ನಡಿಗೆದಾರಿ ಸುಮಾರು 126 ಕಿ.ಮೀ., 15 ಭಾಗ. ಬರ್ಲಿನ್ನಿನಲ್ಲಿ ಹಳೆಯ ಗೋಡೆಯ ಜಾಡು ಹಿಡಿದ ದಾರಿ ಸುಮಾರು 160 ಕಿ.ಮೀ. ಸಿಂಗಪುರದಲ್ಲಿ ಹಳಿ ಕಿತ್ತ ರೈಲು ಮಾರ್ಗವೇ 24 ಕಿ.ಮೀ. ನಡಿಗೆದಾರಿ. ತಿಂಗಳಿಗೊಂದು ಭಾಗ ಎಂದುಕೊಂಡರೆ ಸಂಕಲ್ಪಕ್ಕೆ ಒಂದು ಲೆಕ್ಕ ಸಿಗುತ್ತದೆ.

ಹೊಸಬರು ಸಾಮಾನ್ಯವಾಗಿ ಎಡವುವುದು ದೂರದ ಅಂದಾಜಿನಲ್ಲಿ. ಬರಿಯ ನಡಿಗೆಗೆ ಗಂಟೆಗೆ ನಾಲ್ಕೈದು ಕಿ.ಮೀ. ಸರಿ. ನೋಡುತ್ತ, ಸಿಗ್ನಲ್ಲಿಗೆ ನಿಲ್ಲುತ್ತ, ಫಲಕ ಓದುತ್ತ ಹೋದರೆ ಎರಡೂವರೆ ದಾಟುವುದಿಲ್ಲ. ಮೂರು ಗಂಟೆಗೆ ಆರೇಳು ಕಿ.ಮೀ. ಇಟ್ಟುಕೊಳ್ಳಿ. ಹದಿನೈದು ಎಂದು ಹೊರಟವರು ಕೊನೆಯ ಐದರಲ್ಲಿ ಕಾಲುನೋವನ್ನಲ್ಲದೆ ಬೇರೇನನ್ನೂ ಗಮನಿಸುವುದಿಲ್ಲ. ದೂರದ ತುದಿಗೆ ಬಸ್ಸಿನಲ್ಲಿ ಹೋಗಿ ಮನೆಯ ಕಡೆಗೆ ನಡೆಯುವುದು ಒಳ್ಳೆಯದು. ದಣಿವು ಹೆಚ್ಚಿದಂತೆ ಬಸ್ಸುಗಳೂ ಹೆಚ್ಚುತ್ತವೆ. ಇದಕ್ಕೆ ತಿರುಗುಮುರುಗಾದರೆ ಭಾನುವಾರ ಸಂಜೆ ಗಂಟೆಗೊಂದೇ ಬಸ್ಸಿರುವ ಕಡೆ ಸಿಕ್ಕಿಕೊಳ್ಳುತ್ತೀರಿ. ಭಾನುವಾರದ ವೇಳಾಪಟ್ಟಿಯೇ ಬೇರೆ, ಹೊರಡುವ ಮುಂಚೆ ಅದನ್ನೇ ನೋಡಿ. ನಕ್ಷೆಯನ್ನು ಫೋನಿಗೆ ಇಳಿಸಿಕೊಂಡು, ಉತ್ತರ ದಿಕ್ಕು ಸದಾ ಮೇಲಿರುವಂತೆ ನಿಲ್ಲಿಸಿ. ನಾವು ತಿರುಗಿದಂತೆಲ್ಲ ತಾನೂ ತಿರುಗುವ ನಕ್ಷೆ ಮುಂದಿನ ತಿರುವನ್ನಷ್ಟೇ ಹೇಳುತ್ತದೆ, ಊರಿನ ದಿಕ್ಕು ತಲೆಯಲ್ಲಿ ಕೂರುವುದಿಲ್ಲ. ಕೊರೆಯುವ ಚಳಿಯಲ್ಲಿ ಚಾರ್ಜ್ ಇದ್ದರೂ ಫೋನ್ ಆರಿಹೋಗುವುದುಂಟು, ಒಳಜೇಬಿನಲ್ಲಿಡಿ.

ಋತುವಿನ ವಿಚಾರವನ್ನು ಯಾರೂ ಹೇಳುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಲಂಡನ್ನಿನಲ್ಲಿ ನಾಲ್ಕು ಗಂಟೆ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಸ್ಟಾಕ್‌ಹೋಮ್‌ನಲ್ಲಿ ಹಗಲೇ ಸುಮಾರು ಆರು ಗಂಟೆ. ಅಂಥ ಊರುಗಳಲ್ಲಿ ಜನವರಿಯಲ್ಲಿ ಮಾಡಿದ ಸಂಕಲ್ಪವನ್ನು ಮೊದಲ ಮೂರು ತಿಂಗಳು ಚಾವಣಿಯ ಕೆಳಗೇ ನಡೆಸಬೇಕು: ವಸ್ತುಸಂಗ್ರಹಾಲಯ, ಬಡಾವಣೆಯ ಗ್ರಂಥಾಲಯ, ಅಲ್ಲಿನ ಸ್ಥಳೀಯ ಇತಿಹಾಸದ ಕಪಾಟು. ಯುರೋಪಿನ ಅನೇಕ ಸಂಗ್ರಹಾಲಯಗಳಿಗೆ ಸೋಮವಾರ ರಜೆ ಎಂಬುದು ನೆನಪಿರಲಿ. ಕೊಲ್ಲಿ ದೇಶಗಳಲ್ಲಿ ಲೆಕ್ಕ ಉಲ್ಟಾ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವುದಕ್ಕೇ ನಿಷೇಧವಿದೆ. ಅಲ್ಲಿ ನಡಿಗೆಗೆ ನವೆಂಬರ್‌ನಿಂದ ಮಾರ್ಚ್. ಒಪ್ಪಿಗೆಯಿಲ್ಲದೆ ಜನರ ಫೋಟೊ ತೆಗೆಯುವುದು ಅಲ್ಲಿ ಅಪರಾಧ, ಕ್ಯಾಮೆರಾ ಎತ್ತುವ ಮುಂಚೆ ಕೇಳಿ.

ಒಂಟಿಯಾಗಿ ಹೊರಡಲು ಅಳುಕುವವರಿಗೂ ದಾರಿಯಿದೆ. ನಗರಗಳ ಬಗ್ಗೆ ಬರೆದ ಜೇನ್ ಜೇಕಬ್ಸ್ ನೆನಪಿನಲ್ಲಿ 2007ರಲ್ಲಿ ಟೊರೊಂಟೊದಲ್ಲಿ ಶುರುವಾದ ಜೇನ್ಸ್ ವಾಕ್ ಎಂಬ ಗುಂಪು ನಡಿಗೆ ಈಗ ಬಹಳಷ್ಟು ನಗರಗಳಲ್ಲಿ ಮೇ ತಿಂಗಳ ಮೊದಲ ವಾರಾಂತ್ಯದ ಆಸುಪಾಸಿನಲ್ಲಿ ನಡೆಯುತ್ತದೆ. ಅಲ್ಲಿಯ ನಿವಾಸಿಗಳೇ ಬಿಟ್ಟಿಯಾಗಿ ತಮ್ಮ ಬೀದಿ ತೋರಿಸುತ್ತಾರೆ. ಲಂಡನ್ನಿನಲ್ಲಿ 1992ರಲ್ಲಿ ಆರಂಭವಾದ, ಕಟ್ಟಡ ನೋಡುವ ಉತ್ಸವವಾದ ಓಪನ್ ಹೌಸ್‌ನಲ್ಲಿ ಸೆಪ್ಟೆಂಬರ್ ಬಂದಾಗ ವರ್ಷವಿಡೀ ಮುಚ್ಚಿರುವ ಕಟ್ಟಡಗಳು ಬಾಗಿಲು ತೆರೆಯುತ್ತವೆ. ಕೆಲವಕ್ಕೆ ವಾರಗಳ ಮೊದಲೇ ಹೆಸರು ಬರೆಸಬೇಕು.

ಇನ್ನೊಂದು ಕೆಲಸ ಮಾಡಿ. ಗೋಡೆಗೆ ಊರಿನ ಕಾಗದದ ನಕ್ಷೆ ಅಂಟಿಸಿ, ನಡೆದ ಬೀದಿಗಳ ಮೇಲಷ್ಟೇ ಪೆನ್ಸಿಲ್ ಎಳೆಯಿರಿ. ಬಸ್ಸಿನಲ್ಲಿ ಹಾದದ್ದಕ್ಕೆ ಗೆರೆ ಬೇಡ. ಮನೆಯಿಂದ ಹತ್ತೇ ನಿಮಿಷದ ದೂರದಲ್ಲಿ ಕಾಲೇ ಇಡದ ದೊಡ್ಡ ಬಿಳಿ ಜಾಗ ಕಾಣುತ್ತದೆ. ಸಾಮಾನ್ಯವಾಗಿ ಅದು ರೈಲು ಹಳಿಯ ಅಥವಾ ಹೆದ್ದಾರಿಯ ಆಚೆಗಿನ ಬಡಾವಣೆ. ದಾಟಲು ಎಲ್ಲೋ ಒಂದು ಕೆಳಸೇತುವೆ ಇದ್ದೇ ಇರುತ್ತದೆ, ಅದನ್ನು ಹುಡುಕುವುದೇ ಮುಂದಿನ ಶನಿವಾರದ ಕೆಲಸ.

ತಮ್ಮ ಪತ್ರಿಕೆಗೂ ಒಂದು ವಿನಂತಿ. ಪ್ರವಾಸ ಪುರವಣಿಯಲ್ಲಿ ವಿದೇಶಿ ನಗರಗಳೆಂದರೆ ‘ನೋಡಲೇಬೇಕಾದ ಹತ್ತು ತಾಣ’ಗಳೇ ಬರುತ್ತವೆ, ಅಲ್ಲಿ ವಾಸಿಸುವವರಿಗೆ ಅದರಿಂದ ಉಪಯೋಗ ಕಡಿಮೆ. ಆಯಾ ಊರುಗಳಲ್ಲಿ ವರ್ಷಗಟ್ಟಲೆ ಇರುವ ಕನ್ನಡಿಗರಿಂದ ಒಂದೊಂದು ಬಡಾವಣೆಯ ನಡಿಗೆದಾರಿ ಬರೆಸಿ. ಎಲ್ಲಿ ಇಳಿಯಬೇಕು, ಎಷ್ಟು ಕಿಲೋಮೀಟರ್, ಮೆಟ್ಟಿಲುಗಳೆಷ್ಟು, ವಯಸ್ಸಾದವರು ಕೂರಲು ಬೆಂಚು ಎಲ್ಲಿ, ಶೌಚಾಲಯ ಎಲ್ಲಿ, ವಾಪಸ್ ಬರಲು ಯಾವ ಬಸ್ಸು ಎಂಬ ವಿವರ ಇರಲಿ. ಅರ್ಧ ಪುಟ ಸಾಕು, ತಿಂಗಳಿಗೊಂದು ಬಂದರೂ ಸಾಕು.

ಇತಿ,
ವಿದೇಶದಲ್ಲಿ ನೆಲೆಸಿರುವ ಓದುಗ