ನೀನು ಕೇಳಿದ ದೀಕ್ಷಾಸ್ನಾನದ ವಿಷಯ

ಪ್ರೀತಿಯ ಮಗಳೇ,

"ನಾನಿನ್ನೂ ಅಷ್ಟು ಒಳ್ಳೆಯವಳಲ್ಲ ದೊಡ್ಡಮ್ಮ, ಮುಂದಿನ ವರ್ಷ ನೋಡೋಣ" ಅಂತ ದೀಕ್ಷಾಸ್ನಾನ ತಗೊಳ್ಳುವ ಬಗ್ಗೆ ಫೋನಿನಲ್ಲಿ ಅಂದೆಯಲ್ಲ, ಆ ಮಾತು ರಾತ್ರಿಯೆಲ್ಲ ಕಾಡಿತು. ಅದಕ್ಕೇ ಈ ಕಾಗದ.

ಯೇಸುವನ್ನು ನಂಬಿದ್ದೇನೆ ಅಂತ ನೀರಿನಲ್ಲಿ ಮುಳುಗಿ ತಗೊಳ್ಳುವ ಈ ದೀಕ್ಷಾಸ್ನಾನ ಒಳ್ಳೆಯವರಿಗೆ ಕೊಡುವ ಬಹುಮಾನ ಅಲ್ಲ ಕಣೇ. ಬೈಬಲಿನ ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯದಲ್ಲಿ ಬರುವ ಐಥಿಯೋಪ್ಯದ ಕಂಚುಕಿಯನ್ನು, ಅಂದರೆ ರಾಣಿಯ ಅಧಿಕಾರಿಯನ್ನು ನೋಡು. ರಥದಲ್ಲಿ ಕೂತು ಯೆಶಾಯನ ಪುಸ್ತಕ ಓದುತ್ತಿದ್ದ. ಯೇಸುವಿನ ಸುವಾರ್ತೆ ಸಾರುತ್ತಿದ್ದ ಫಿಲಿಪ್ಪ ಅದನ್ನು ಬಿಡಿಸಿ ಹೇಳಿದ. ದಾರಿಯಲ್ಲಿ ನೀರು ಕಂಡಿತು, ದೀಕ್ಷಾಸ್ನಾನ ತಗೊಳ್ಳಲು ನನಗೇನು ಅಡ್ಡಿ ಅಂತ ಕಂಚುಕಿ ಕೇಳಿದ, ಇಬ್ಬರೂ ನೀರಿಗಿಳಿದರು. ಒಂದು ವರ್ಷ ನಿನ್ನ ನಡತೆ ನೋಡುತ್ತೇನೆ ಅಂತ ಫಿಲಿಪ್ಪ ಹೇಳಲಿಲ್ಲ.

ನಾನು ಕೆರೆಯಲ್ಲಿ ತಗೊಂಡವಳು. ಆಗ ನನಗೆ 19. ಸೊಂಟದ ಮಟ್ಟ ನೀರು, ಕಾಲಡಿ ಜಾರುವ ಕೆಸರು. ಯೇಸುವನ್ನು ನಂಬುತ್ತೀಯಾ ಅಂತ ಚರ್ಚಿನ ಸಭಾಪಾಲಕರು ಕೇಳಿದರು. ಗಂಟಲೇ ಹೊರಡಲಿಲ್ಲ, ಹೌದು ಅಂತ ಎರಡು ಸಲ ಹೇಳಬೇಕಾಯಿತು. ಬೆನ್ನಿಗೆ ಕೈ ಕೊಟ್ಟು ಹಿಂದಕ್ಕೆ ಮಲಗಿಸಿದರು, ಸತ್ತವರನ್ನು ಗುಂಡಿಯಲ್ಲಿ ಮಲಗಿಸುತ್ತಾರಲ್ಲ, ಹಾಗೇ. ಕಿವಿ ತುಂಬ ನೀರು. ದಡದವರ ಹಾಡು ನಿಂತುಹೋಯಿತು. ಮೇಲೆತ್ತಿದಾಗ ಮತ್ತೆ ಕೇಳಿಸಿತು. ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಪೌಲ ಹೇಳುವುದು ಇದನ್ನೇ: ಕ್ರಿಸ್ತನ ಜೊತೆ ಹೂಣಿಸಿಕೊಳ್ಳುವುದು, ಅವನ ಜೊತೆ ಏಳುವುದು. ಪಾಪ ತೊಳೆಯುವ ಶಕ್ತಿ ಕೆರೆ ನೀರಿಗಿಲ್ಲ. ಒಳಗೆ ಆಗಲೇ ಆದದ್ದನ್ನು ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇವೆ, ಅಷ್ಟೇ.

ಹದಿನೈದೇ ದಿನಕ್ಕೆ ತಂಗಿಯ ಜೊತೆ ಜಗಳವಾಡಿ, ಎಲ್ಲ ಸುಮ್ನೆ ಆಯಿತೇನೋ ಅಂತ ಅತ್ತುಬಿಟ್ಟೆ. ಮಾರನೇ ದಿನ ಹೋಗಿ ಅವಳ ಕ್ಷಮೆ ಕೇಳಿದೆ. ಮೊದಲಾಗಿದ್ದರೆ ಕೇಳುತ್ತಿರಲಿಲ್ಲ.

ಗೆಳತಿಯರು ತಗೊಳ್ಳುತ್ತಾರೆ ಅಂತ ಮಾತ್ರ ಹೋಗಬೇಡ. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲವರು, ಮಗುವಾಗಿದ್ದಾಗ ಆದದ್ದು ಸಾಲದು, ನಾವೇ ನಂಬಿ ತಗೋಬೇಕು ಅಂತ ನಿಂತರು. ಅವರಲ್ಲಿ ಒಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು ಇದೇ ಕಾರಣಕ್ಕೆ ಊರಿನ ಆಡಳಿತದವರು 1527ರ ಜನವರಿಯಲ್ಲಿ ಕೈ ಕಟ್ಟಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ನನ್ನ ಪರವಾಗಿ ಇನ್ಯಾರೂ 'ಹೌದು' ಅನ್ನಲಾಗದು ಅನ್ನುವುದಕ್ಕೆ ಅಷ್ಟು ಬೆಲೆ ತೆತ್ತರು. ಹಾಗಂತ, ನೀನು ಕೂಸಾಗಿದ್ದಾಗ ಅಜ್ಜಿಯ ಸಭೆಯಲ್ಲಿ ಹಣೆಗೆ ನೀರು ಹಾಕಿಸಿದ್ದನ್ನು ಹಗುರವಾಗಿ ಮಾತಾಡಬೇಡ. ಅವತ್ತು ಅಜ್ಜಿ ನಿನ್ನನ್ನು ಎತ್ತಿಕೊಂಡು ಮಾಡಿದ ಪ್ರಾರ್ಥನೆ ನಾನು ಕೇಳಿದ್ದೇನೆ.

ಸಭಾಪಾಲಕರ ಹತ್ತಿರ ಮಾತಾಡು. ನಿನ್ನ ಭಯವನ್ನೂ ಹೇಳು. ದಿನ ಗೊತ್ತಾದರೆ ತಿಳಿಸು. ತೆಳು ಬಟ್ಟೆ ಬೇಡ, ಒದ್ದೆಯಾದರೆ ಮುಜುಗರವಾಗುತ್ತೆ. ಇನ್ನೊಂದು ಜೊತೆ ಬಟ್ಟೆ ಇಟ್ಟುಕೋ. ಟವೆಲ್ ಹಿಡಿದು ನಾನು ದೀಕ್ಷಾಸ್ನಾನದ ತೊಟ್ಟಿಯ ಮೆಟ್ಟಿಲ ಹತ್ತಿರ ನಿಂತಿರುತ್ತೇನೆ.

ನಿನ್ನ ದೊಡ್ಡಮ್ಮ